ತೂಕ ಇಳಿಸುವ ಇಂಜೆಕ್ಷನ್‌ಗೆ ಆನ್‌ಲೈನ್ ಪ್ಯಾಕೇಜ್: ಈ ಮೂರರಲ್ಲಿ ಯಾವುದು?

ಲೆಡ್ಜರ್ ಸುರತ್ಕಲ್
(ಪ್ರಶ್ನೆ, ಜನವರಿ 2026)

ಎಲ್ಲರಿಗೂ ನಮಸ್ಕಾರ. ವಯಸ್ಸು 43, ಮನೆ ಸುರತ್ಕಲ್, ಕೆಲಸ ಬೈಕಂಪಾಡಿಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್. ಎತ್ತರ 157 ಸೆಂ.ಮೀ., ತೂಕ 88 ಕೆ.ಜಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಲೆಕ್ಕ ಹಾಕಿದರೆ 35 ದಾಟ್ತದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.2, ಥೈರಾಯ್ಡ್‌ಗೆ ಬೆಳಿಗ್ಗೆ ಮಾತ್ರೆ ಉಂಟು, ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ ಒಂದು. ಅಮ್ಮನಿಗೆ ಶುಗರ್. ವಾಕಿಂಗ್, ರಾತ್ರಿ ಚಪಾತಿ, ಜೀರಿಗೆ ನೀರು, ಇದೆಲ್ಲ ಮಾಡಿ ನೋಡಿ ಆಗಿದೆ, ಆದ್ದರಿಂದ ಆ ಸಲಹೆ ಕೊಡುವವರು ದಯವಿಟ್ಟು ಮುಂದಿನ ಪೋಸ್ಟಿಗೆ ಹೋಗಿ.

ಇಲ್ಲಿ ಡಾಕ್ಟರಿಗೆ ಬರ ಇಲ್ಲ, ಗೊತ್ತುಂಟು. ದೇರಳಕಟ್ಟೆಯಿಂದ ಮುಕ್ಕದ ತನಕ ಬಸ್ಸಿನಲ್ಲಿ ಕೂತರೆ ಒಂದು ಮೆಡಿಕಲ್ ಕಾಲೇಜ್ ಮುಗಿಯುವಾಗ ಇನ್ನೊಂದು ಬರ್ತದೆ. ಆದರೆ ಒಪಿಡಿಗೆ ಹೋದ ದಿನ ರಜೆ ಹಾಕಲೇಬೇಕು. ಯಜಮಾನರು ದಮ್ಮಾಮ್‌ನಲ್ಲಿ, ಮಗನದ್ದು ಸೆಕೆಂಡ್ ಪಿಯುಸಿ, ಅತ್ತೆಯವರಿಗೆ ಮಧ್ಯಾಹ್ನ ಯಾರಾದರೂ ಬಡಿಸಲೇಬೇಕು. ಹಾಗಾಗಿ ಫೋನಿನಲ್ಲೇ ಡಾಕ್ಟರ್, ಮನೆಗೇ ಮದ್ದು ಅಂತ ಹೇಳುವ ಪ್ಯಾಕೇಜುಗಳನ್ನು ನೋಡ್ತಾ ಇದ್ದೇನೆ. ಹೆಸರು ಹಾಕುದಿಲ್ಲ, ಅ, ಆ, ಇ ಅಂತ ಬರೀತೇನೆ.

ಅ: ಒಂದು ವರ್ಷದ ಪ್ಯಾಕೇಜ್. ಡಾಕ್ಟರ್, ಡಯಟಿಷಿಯನ್, ಕೋಚ್, ಇಂಜೆಕ್ಷನ್ ಎಲ್ಲ ಸೇರಿ ಒಂದು ಲಕ್ಷ ಮೂವತ್ತು ಸಾವಿರ, ಈಗಲೇ ಕಟ್ಟಬೇಕು, ಇಎಂಐ ಉಂಟು. ವೆಬ್‌ಸೈಟಿನಲ್ಲಿ ಪ್ರಶ್ನೆಗಳಿಗೆ ಟಿಕ್ ಹಾಕಿದ ಕೂಡಲೇ "ಅಭಿನಂದನೆ, ನೀವು ಅರ್ಹರು" ಅಂತ ಬಂತು. ಒಬ್ಬ ಡಾಕ್ಟರ ಮುಖವೂ ಕಾಣಲಿಲ್ಲ ಇನ್ನೂ.

ಆ: ಮೂರು ತಿಂಗಳಿಗೆ ಒಂಬತ್ತು ಸಾವಿರ. ಅದರಲ್ಲಿ ಡಾಕ್ಟರ್ ವಿಡಿಯೊ, ಡಯಟಿಷಿಯನ್ ಚಾಟ್. ಮದ್ದು ನಾವೇ ತಗೊಳ್ಳಬೇಕು.

ಇ: ಬೆಂಗಳೂರಿನ ಒಬ್ಬ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಕ್ಲಿನಿಕ್. ಒಂದು ವಿಡಿಯೊಗೆ ಒಂಬೈನೂರು. ಚೀಟಿ ಪಿಡಿಎಫ್ ಬರ್ತದೆ, ಅಷ್ಟೆ. ಕೋಚ್ ಇಲ್ಲ, ಗುಡ್ ಮಾರ್ನಿಂಗ್ ಮೆಸೇಜ್ ಇಲ್ಲ.

ನನ್ನ ತಲೆಬಿಸಿ ಎಂತ ಅಂದರೆ ಮೂರನ್ನೂ ಒಂದೇ ಶೀಟಿನಲ್ಲಿ ಹಾಕ್ಲಿಕ್ಕೆ ಆಗುದಿಲ್ಲ. ಒಂದರಲ್ಲಿ ಮದ್ದು ಒಳಗೆ, ಒಂದರಲ್ಲಿ ಹೊರಗೆ. ದಿನಾ ಟ್ಯಾಲಿ ಮಾಡುವ ನನಗೇ ಇದು ಟ್ಯಾಲಿ ಆಗ್ತಾ ಇಲ್ಲ. ಯಾವುದನ್ನು ನೋಡಿ ಆರಿಸುದು? ಮತ್ತೆ, ಮಾರ್ಚ್‌ನಲ್ಲಿ ಈ ಮದ್ದುಗಳಲ್ಲಿ ಒಂದರ ಪೇಟೆಂಟ್ ಮುಗಿದು ಬೆಲೆ ಇಳೀತದೆ ಅಂತ ಪೇಪರಿನಲ್ಲಿ ಬರ್ತಾ ಉಂಟು. ಅಲ್ಲಿ ತನಕ ಕಾಯುದಾ? ಕೊರಿಯರ್‌ನಲ್ಲಿ ಬಂದ ಇಂಜೆಕ್ಷನ್ ನಮ್ಮ ಸೆಖೆಗೆ ಸರಿ ಇರ್ತದಾ?


ಕದ್ರಿ ಗುಡ್ಡೆ

ಎಂತ ಮಾರಾಯ್ರೆ, ಒಂದು ಲಕ್ಷ ಮೂವತ್ತು ಸಾವಿರ! ಅದರಲ್ಲಿ ವರ್ಷ ಇಡೀ ಅಂಜಲ್ ತಿನ್ಬಹುದು. ನಮ್ಮ ಅಜ್ಜಿ ಕುಚ್ಚಲಕ್ಕಿ ಗಂಜಿ ಕುಡಿದು ತೊಂಬತ್ತು ದಾಟಿದ್ರು, ಯಾವ ಇಂಜೆಕ್ಷನ್ನೂ ಇರ್ಲಿಲ್ಲ.


ಲೆಡ್ಜರ್ ಸುರತ್ಕಲ್

ನಿಮ್ಮ ಅಜ್ಜಿ ಬೆಳಿಗ್ಗೆಯಿಂದ ಗದ್ದೆಯಲ್ಲಿದ್ರು ಅಣ್ಣ, ನಾನು ಬೆಳಿಗ್ಗೆಯಿಂದ ಜಿಎಸ್‌ಟಿ ರಿಟರ್ನ್‌ನಲ್ಲಿ. ಮುಂದಿನವರು ಯಾರಾದರೂ ಹೇಳಿ.


ಕೌಂಟರ್ ಆಚೆ

ಅಕ್ಕ, ನಾನು ಉಡುಪಿಯ ಒಂದು ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್. ಹೋದ ವರ್ಷದಿಂದ ಈ ಇಂಜೆಕ್ಷನ್‌ಗೆ ಆನ್‌ಲೈನ್ ಚೀಟಿ ಹಿಡಿದು ಬರುವವರು ಜಾಸ್ತಿ ಆಗಿದ್ದಾರೆ, ಮದುವೆ ಸೀಸನ್‌ಗೆ ಮೊದಲು ಇನ್ನೂ ಜಾಸ್ತಿ. ಚೀಟಿ ಓದುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೀತೇನೆ.

ನಿಮ್ಮ ಶೀಟ್ ಯಾಕೆ ಟ್ಯಾಲಿ ಆಗುದಿಲ್ಲ ಅಂದರೆ ಮೂರು ಬೇರೆ ಬೇರೆ ಬಿಲ್ಲನ್ನು ಅವರು ಒಂದು ಮಾಡಿದ್ದಾರೆ. ಮದುವೆ ಹಾಲ್‌ನವರು ಊಟ, ಡೆಕೊರೇಷನ್, ಜನರೇಟರ್ ಎಲ್ಲ ಸೇರಿಸಿ ಒಂದೇ ರೇಟ್ ಹೇಳ್ತಾರಲ್ಲ, ಹಾಗೆ. ಬಿಡಿಸಿ ನೋಡಿ. ಮದ್ದಿನ ಬಿಲ್ ಒಂದು, ಡಾಕ್ಟರ ಬಿಲ್ ಒಂದು, ಕೋಚ್ ಮತ್ತು ಡಯಟ್‌ನ ಬಿಲ್ ಒಂದು. ಮದ್ದಿನ ಎಂಆರ್‌ಪಿ ಡಬ್ಬಿಯ ಮೇಲೆ ಅಚ್ಚಾಗಿರ್ತದೆ, ಅದು ಸುರತ್ಕಲ್‌ಗೂ ಒಂದೇ, ಆ್ಯಪ್‌ಗೂ ಒಂದೇ. ಆ ಮೊತ್ತವನ್ನು ಪ್ಯಾಕೇಜಿನಿಂದ ಕಳೆಯಿರಿ. ಉಳಿದದ್ದೇ ಅವರು ನಿಮಗೆ ನಿಜವಾಗಿ ಮಾರುವ ವಸ್ತು.

ಕಳೆಯಲಿಕ್ಕೆ ಅಂಕಿ ಬೇಕಲ್ಲ. ಈ ಇಂಜೆಕ್ಷನ್‌ನಲ್ಲಿ ಮದ್ದು ಎರಡು, ಟಿರ್ಜೆಪಟೈಡ್ ಮತ್ತು ಸೆಮಾಗ್ಲುಟೈಡ್. ಟಿರ್ಜೆಪಟೈಡ್, ಅಂದರೆ ಮೌಂಜಾರೊ, ನಮ್ಮ ದೇಶಕ್ಕೆ 2025ರ ಮಾರ್ಚ್‌ನಲ್ಲಿ ಬಂದಾಗ 2.5 ಮಿ.ಗ್ರಾಂ. ವಯಲ್ (ಮದ್ದಿನ ಸಣ್ಣ ಬಾಟ್ಲಿ) ಒಂದಕ್ಕೆ 3,500, 5 ಮಿ.ಗ್ರಾಂ.ಗೆ 4,375 ರೂಪಾಯಿ. ವಾರಕ್ಕೆ ಒಂದು, ಅಂದರೆ ನಾಲ್ಕು ವಾರಕ್ಕೆ 14,000 ಮತ್ತು 17,500. ಸೆಪ್ಟೆಂಬರ್‌ನಲ್ಲಿ ಮದ್ದಿನ ಜಿಎಸ್‌ಟಿ 12ರಿಂದ 5 ಆದಾಗ ಸ್ವಲ್ಪ ಇಳಿಯಿತು. ಸೆಮಾಗ್ಲುಟೈಡ್, ಅಂದರೆ ವೆಗೋವಿ, ಜೂನ್‌ನಲ್ಲಿ ಬಂದದ್ದು ತಿಂಗಳಿಗೆ 17,345ಕ್ಕೆ. ನವೆಂಬರ್‌ನಲ್ಲಿ ಕಂಪನಿಯೇ ಬೆಲೆ ಕಡಿದು ಮೊದಲ ಡೋಸ್ 10,850ಕ್ಕೆ ತಂದಿತು. ಡಿಸೆಂಬರ್‌ನಲ್ಲಿ ಓಜೆಂಪಿಕ್ ಬಂತು, ಮೊದಲ ಡೋಸ್ ವಾರಕ್ಕೆ 2,200. ಅದೂ ಸೆಮಾಗ್ಲುಟೈಡೇ, ಆದರೆ ಅದರ ಪರವಾನಗಿ ಇರುವುದು ಟೈಪ್ 2 ಡಯಾಬಿಟಿಸ್‌ಗೆ.

ಈಗ "ಮೊದಲ ಡೋಸ್" ಅನ್ನುವ ಮಾತಿಗೆ ಗೆರೆ ಎಳೆಯಿರಿ. ಸೆಮಾಗ್ಲುಟೈಡ್ 0.25ರಿಂದ ಶುರುವಾಗಿ ನಾಲ್ಕು ನಾಲ್ಕು ವಾರಕ್ಕೆ 0.5, 1, 1.7, ಕೊನೆಗೆ 2.4 ಮಿ.ಗ್ರಾಂ.ಗೆ ಹೋಗ್ತದೆ. 0.25 ಕೊಡುವುದು ತೂಕ ಇಳಿಸ್ಲಿಕ್ಕೆ ಅಲ್ಲ, ಹೊಟ್ಟೆಗೆ ಅಭ್ಯಾಸ ಆಗಲಿ ಅಂತ. ವೆಗೋವಿ 2.4ಕ್ಕೆ ಹೊಸ ಬೆಲೆಯಲ್ಲೂ ತಿಂಗಳಿಗೆ 16,400. ಜಾಹೀರಾತಿನಲ್ಲಿ "ಇಷ್ಟರಿಂದ ಶುರು" ಅಂತ ಇರುವುದು ಅಭ್ಯಾಸದ ಡೋಸಿನ ಬೆಲೆ. ಅ ಪ್ಯಾಕೇಜಿನವರನ್ನು ಒಂದೇ ಪ್ರಶ್ನೆ ಕೇಳಿ: ಎಂಟನೇ ತಿಂಗಳಲ್ಲಿ ಯಾವ ಬ್ರ್ಯಾಂಡ್, ಯಾವ ಡೋಸ್, ಅದು ಈ ದುಡ್ಡಿನಲ್ಲಿ ಬರ್ತದಾ? ಬರವಣಿಗೆಯಲ್ಲಿ ಕೇಳಿ. ನಿಮ್ಮ ಒಂದು ಲಕ್ಷ ಮೂವತ್ತು ಸಾವಿರವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 10,800 ಚಿಲ್ಲರೆ. ಅಂದರೆ ವೆಗೋವಿಯ ಅಭ್ಯಾಸದ ಡೋಸಿಗೇ ಸರಿಹೋಯಿತು. ಡಾಕ್ಟರಿಗೂ ಕೋಚಿಗೂ ಸಂಬಳ ಎಲ್ಲಿಂದ? ಒಂದೋ ದೊಡ್ಡ ಡೋಸ್ ಕೊಡುದಿಲ್ಲ, ಒಂದೋ ಮಾರ್ಚ್ ಮೇಲೆ ಕಣ್ಣಿಟ್ಟಿದ್ದಾರೆ.

ಮಾರ್ಚ್ ವಿಷಯ ಅದೇ. ಸೆಮಾಗ್ಲುಟೈಡ್‌ನ ಪೇಟೆಂಟ್ ಭಾರತದಲ್ಲಿ ಮುಗಿಯುವುದು 2026ರ ಮಾರ್ಚ್‌ನಲ್ಲಿ, ನಮ್ಮ ಕಂಪನಿಗಳು ಜೆನೆರಿಕ್, ಅಂದರೆ ಅದೇ ಮದ್ದನ್ನು ತಮ್ಮ ಹೆಸರಿನಲ್ಲಿ, ತಯಾರಿಟ್ಟು ಕಾಯ್ತಾ ಇವೆ. ಬೆಲೆ ಎಷ್ಟು ಇಳೀತದೆ ಅಂತ ನಾನು ಭವಿಷ್ಯ ಹೇಳುದಿಲ್ಲ. ಆದರೆ ಇಳಿಯುವ ಮಾರುಕಟ್ಟೆಯಲ್ಲಿ ವರ್ಷದ ದುಡ್ಡು ಜನವರಿಯಲ್ಲೇ ಕಟ್ಟಿದರೆ ಇಳಿದ ಲಾಭ ಅವರಿಗೆ, ನಿಮಗಲ್ಲ. ಅದೂ ಇಎಂಐ ಮೇಲೆ. ಟಿರ್ಜೆಪಟೈಡ್ ಪೇಟೆಂಟ್ ಬೇರೆ, ಅದು ಮಾರ್ಚ್‌ನಲ್ಲಿ ಮುಗಿಯುದಿಲ್ಲ.

ಡಾಕ್ಟರ ಬಿಲ್ಲಿಗೆ ಬರುವ. ಟೆಲಿಮೆಡಿಸಿನ್‌ಗೆ ನಮ್ಮಲ್ಲಿ ನಿಯಮ ಉಂಟು, 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನವೇ, ಬಂದದ್ದು. ಅದರ ಪ್ರಕಾರ ಮೊದಲ ಸಲ ನೋಡುವ ರೋಗಿಗೆ ಇಂಥ ಮದ್ದನ್ನು ಚಾಟ್ ನೋಡಿ ಬರೆಯುವ ಹಾಗಿಲ್ಲ, ವಿಡಿಯೊ ಬೇಕು. ಚೀಟಿಯಲ್ಲಿ ಡಾಕ್ಟರ ಹೆಸರು, ರಿಜಿಸ್ಟ್ರೇಷನ್ ನಂಬರ್, ಸಹಿ ಇರಬೇಕು. ವೇದಿಕೆ ನಡೆಸುವವರು ಪ್ರತಿ ಡಾಕ್ಟರ ಹೆಸರು, ಓದು, ರಿಜಿಸ್ಟ್ರೇಷನ್ ತೋರಿಸಬೇಕು. ಕಂಪ್ಯೂಟರ್ ಪ್ರೋಗ್ರಾಂ ಚೀಟಿ ಬರೆಯುವ ಹಾಗಿಲ್ಲ. ಅಂದರೆ ಟಿಕ್ ಹಾಕಿದ ಕೂಡಲೇ ನಿಮಗೆ ಬಂದ ಆ ಅಭಿನಂದನೆಗೆ ವೈದ್ಯಕೀಯವಾಗಿ ಮೂರು ಕಾಸಿನ ಬೆಲೆ ಇಲ್ಲ, ಅದು ಸೇಲ್ಸ್. ರಿಜಿಸ್ಟ್ರೇಷನ್ ನಂಬರನ್ನು ನ್ಯಾಷನಲ್ ಮೆಡಿಕಲ್ ಕಮಿಷನ್ ಸೈಟಿನ ರಿಜಿಸ್ಟರ್‌ನಲ್ಲಿ ಹಾಕಿ ನೋಡ್ಬಹುದು. ನಾನು ನೋಡ್ತೇನೆ. ಸಹಿಯೇ ಇಲ್ಲದ, ಬರೀ ಲೋಗೊ ಇರುವ ಪಿಡಿಎಫ್ ಹಿಡ್ಕೊಂಡು ಬಂದವರನ್ನು ಕೌಂಟರಿನಿಂದ ವಾಪಸ್ ಕಳಿಸಿದ್ದೇನೆ, ಬೈಸಿಕೊಂಡೂ ಇದ್ದೇನೆ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಸಲ ರಜೆ ಹಾಕಿ ನಿಜವಾದ ಡಾಕ್ಟರ ಎದುರು ಕೂತುಕೊಳ್ಳಿ, ಎಂಡೋಕ್ರೈನಾಲಜಿಸ್ಟ್ ಆಗಲಿ, ಎಂ.ಡಿ. ಮೆಡಿಸಿನ್ ಆಗಲಿ. ಹೊಟ್ಟೆ ಮುಟ್ಟಿ ನೋಡುದು, ಕುತ್ತಿಗೆ ಮುಟ್ಟಿ ನೋಡುದು, ಬಿಪಿ ತೆಗೆಯುದು ಫೋನಿನಲ್ಲಿ ಆಗುದಿಲ್ಲ. ಕಿಡ್ನಿ, ಲಿವರ್, ಟಿಎಸ್‌ಎಚ್ (ಥೈರಾಯ್ಡ್‌ನದ್ದು) ರಕ್ತ ಪರೀಕ್ಷೆ ಹೇಗೂ ಬೇಕು. ಪಿತ್ತಕೋಶದಲ್ಲಿ ಕಲ್ಲು ಉಂಟಾ ಅಂತ ನಿಮ್ಮ ಹಳೇ ಸ್ಕ್ಯಾನಿಂಗ್ ರಿಪೋರ್ಟಲ್ಲೇ ಇರ್ಬಹುದು. ಕುಟುಂಬದಲ್ಲಿ ಯಾರಿಗಾದರೂ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಇತ್ತಾ, ನಿಮಗೆ ಹಿಂದೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿತ್ತಾ, ಇದನ್ನು ಕೇಳದೆ ಬರೆದುಕೊಡುವ ಡಾಕ್ಟರ್ ಎಲ್ಲಿದ್ದರೂ ಬೇಡ. ನೀವು ತಗೊಳ್ಳುವ ಸಾಮಾನ್ಯ ಥೈರಾಯ್ಡ್ ಮಾತ್ರೆಗೂ ಆ ಕ್ಯಾನ್ಸರಿಗೂ ಸಂಬಂಧ ಇಲ್ಲ, ಹೆದರ್ಬೇಡಿ.

ಆಮೇಲಿನ ಡೋಸ್ ಏರಿಸುವ ಭೇಟಿಗಳಿಗೆ ವಿಡಿಯೊ ಧಾರಾಳ ಸಾಕು. ಅಲ್ಲಿ ನಿಮ್ಮ ರಜೆ ಉಳೀತದೆ. ಇಲ್ಲಿನ ಸುಮಾರು ಡಾಕ್ಟರುಗಳೂ ಫಾಲೋಅಪ್ ವಿಡಿಯೊದಲ್ಲಿ ಮಾಡ್ತಾರೆ, ಕೇಳಿ ನೋಡಿ.


ಎಂಡ್ ಪಾಯಿಂಟ್ ವಾಕರ್

ಮಣಿಪಾಲದಿಂದ. ನಾನು ಆ ತರಹದ್ದೇ ಒಂದು ಆ್ಯಪ್‌ನಲ್ಲಿ ಟಿರ್ಜೆಪಟೈಡ್ ಶುರು ಮಾಡಿದವ, ಹೆಸರು ಬೇಡ. ಮೇಲಿನವರು ಹೇಳಿದ್ದರಲ್ಲಿ ಒಂದು ಸೇರಿಸ್ತೇನೆ. ಆ್ಯಪ್‌ಗಳನ್ನು ಹೋಲಿಸುವಾಗ ಎಲ್ಲರೂ ಬೆಲೆ ನೋಡ್ತಾರೆ, ರಾತ್ರಿ ಯಾರು ಫೋನ್ ಎತ್ತುತ್ತಾರೆ ಅಂತ ಯಾರೂ ನೋಡುದಿಲ್ಲ.

5 ಮಿ.ಗ್ರಾಂ.ಗೆ ಏರಿಸಿದ ವಾರ ಒಂದು ಔತಣಕ್ಕೆ ಹೋಗಿ ಕೋರಿ ರೊಟ್ಟಿ ತಿಂದೆ. ಜಾಸ್ತಿ ಏನಿಲ್ಲ, ಹಿಂದೆಲ್ಲ ತಿನ್ನುವುದರ ಅರ್ಧ. ರಾತ್ರಿ ಇಡೀ ವಾಂತಿ. ಆ್ಯಪ್‌ನಲ್ಲಿ ಮೆಸೇಜ್ ಹಾಕಿದೆ. ಕೋಚ್ ಬೆಳಿಗ್ಗೆ ಶುಂಠಿ ಚಹಾ ಕುಡಿಯಿರಿ ಅಂತ ಒಂದು ನಗುವ ಚಿತ್ರ ಕಳಿಸಿದಳು, ಪಾಪ ಒಳ್ಳೆ ಹುಡುಗಿ, ಆದರೆ ಡಾಕ್ಟರ್ ಅಲ್ಲವಲ್ಲ. ಡಾಕ್ಟರ ಉತ್ತರ ಬರುವಾಗ ನಾನು ಇಲ್ಲೇ ಒಬ್ಬ ಫಿಸಿಷಿಯನ್ ಹತ್ತಿರ ಹೋಗಿ ಡ್ರಿಪ್ ಹಾಕಿಸಿ ಮನೆಗೆ ಬಂದಾಗಿತ್ತು. ಅದೇ ಕಂಪನಿ ರಿನ್ಯೂವಲ್‌ಗೆ ಮಾತ್ರ ಒಂದೇ ಬೆಳಿಗ್ಗೆ ಎರಡು ಕಡೆಯಿಂದ ಫೋನ್ ಮಾಡಿಸಿತು! ಈಗ ಅದೇ ಫಿಸಿಷಿಯನ್ ನೋಡ್ತಾ ಇದ್ದಾರೆ, ಡೋಸ್ ಏರಿಸುವ ಮಾತೆಲ್ಲ ವಿಡಿಯೊದಲ್ಲೇ ಆಗ್ತದೆ.

ವಾಂತಿ ವಾಕರಿಕೆ ಸಾಮಾನ್ಯ, ಮಲಬದ್ಧತೆ ಅದಕ್ಕಿಂತ ಹಠಮಾರಿ. ಆದರೆ ಮೇಲ್ಹೊಟ್ಟೆಯಲ್ಲಿ ಜೋರು ನೋವು ಬಂದು ಬೆನ್ನಿಗೆ ಹೋಗ್ತಾ ಇದ್ದರೆ ಆ್ಯಪ್ ಗೀಪ್ ನೋಡ್ಲಿಕ್ಕಿಲ್ಲ, ಸೀದಾ ಕ್ಯಾಶುವಾಲ್ಟಿಗೆ ಹೋಗ್ಬೇಕು ಅಂತ ನನ್ನ ಡಾಕ್ಟರ್ ಬರೆದೇ ಕೊಟ್ಟಿದ್ದಾರೆ. ಪ್ಯಾಂಕ್ರಿಯಾಸ್ ಇರ್ಬಹುದು, ಪಿತ್ತಕೋಶ ಇರ್ಬಹುದು.

ನ್ಯಾಯವಾಗಿ ಹೇಳುದಾದರೆ ಡಯಟಿಷಿಯನ್‌ನಿಂದ ನನಗೆ ಪ್ರಯೋಜನ ಆಗಿದೆ. ಹಸಿವೇ ಇಲ್ಲದಾಗ ಮನುಷ್ಯ ಎರಡು ಚಮಚ ಗಂಜಿ, ಉಪ್ಪಿನಕಾಯಿಯಲ್ಲಿ ದಿನ ಕಳೀತಾನೆ. ಆಗ ಇಳಿಯುವ ತೂಕದಲ್ಲಿ ಮಾಂಸಖಂಡವೂ ಹೋಗ್ತದೆ. ಅವಳು ಮೊದಲು ಕಳಿಸಿದ ಚಾರ್ಟ್‌ನಲ್ಲಿ ಕೀನ್ವಾ, ಬ್ರೊಕೊಲಿ ಇತ್ತು. ನಾನು ಬಂಗುಡೆ, ಮೊಟ್ಟೆ, ಹೆಸರುಕಾಳು, ಮಜ್ಜಿಗೆ ಅಂದೆ. ಸರಿ, ಅದರಲ್ಲೇ ಪ್ರೋಟೀನ್ ಲೆಕ್ಕ ಹಾಕಿ ಕೊಟ್ಟಳು. ಅಂಥ ಒಬ್ಬರು ಸಿಕ್ಕಿದರೆ ಆ ಭಾಗಕ್ಕೆ ದುಡ್ಡು ಕೊಡ್ಬಹುದು. ತೂಕ ಎತ್ತುವ ವ್ಯಾಯಾಮವೂ ಬೇಕು, ಬರೀ ಎಂಡ್ ಪಾಯಿಂಟ್‌ಗೆ ನಡೆದು ಅರಬ್ಬೀ ಸಮುದ್ರ ನೋಡಿ ಬಂದರೆ ಸಾಲದು.

ಇನ್ನೊಂದಕ್ಕೆ ತಯಾರಾಗಿರಿ. ತೂಕ ಇಳಿದಾಗ ಊರಿನಲ್ಲಿ ಯಾರೂ ಚೆಂದ ಆದ್ರಿ ಅನ್ನುದಿಲ್ಲ. "ಎಂತ, ಸೌಖ್ಯ ಇಲ್ವಾ? ಶುಗರಾ?" ಅಂತಲೇ ಕೇಳುದು.


ಕಾಪು ಟು ಜೆರ್ಸಿ

ನಾನು ಕಾಪುವಿನವಳು, ಈಗ ನ್ಯೂಜೆರ್ಸಿಯಲ್ಲಿದ್ದೇನೆ. ಅಮೆರಿಕದಲ್ಲಿ ಈ ಟೆಲಿಹೆಲ್ತ್ ಕಂಪನಿಗಳು ನಿಮ್ಮಲ್ಲಿಗಿಂತ ಕೆಲವು ವರ್ಷ ಮುಂಚೆ ಶುರುವಾದವು. ಇಲ್ಲಿ ಆದದ್ದನ್ನು ಹೇಳಿದರೆ ಹೋಲಿಕೆಗೆ ಉಪಯೋಗ ಆದೀತು.

ಇಲ್ಲಿ ಮದ್ದಿಗೆ ಕೊರತೆ ಬಂದಾಗ ಕಾಂಪೌಂಡಿಂಗ್ ಫಾರ್ಮಸಿಗಳು ತಾವೇ ಸೆಮಾಗ್ಲುಟೈಡ್ ಬೆರೆಸಿ ವಯಲ್‌ನಲ್ಲಿ ಕೊಡಲು ಕಾನೂನಿನಲ್ಲಿ ಅವಕಾಶ ಸಿಕ್ಕಿತು. ಅನೇಕ ಆನ್‌ಲೈನ್ ಕಂಪನಿಗಳ ಕಡಿಮೆ ಬೆಲೆಯ ಗುಟ್ಟು ಅದೇ ಆಗಿತ್ತು. 2025ರ ಫೆಬ್ರವರಿಯಲ್ಲಿ ಎಫ್‌ಡಿಎ (ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ) ಸೆಮಾಗ್ಲುಟೈಡ್ ಕೊರತೆ ಮುಗಿಯಿತು ಎಂದು ಘೋಷಿಸಿತು, ಮೇ ಹೊತ್ತಿಗೆ ಆ ದೊಡ್ಡ ಪ್ರಮಾಣದ ದಾರಿ ಮುಚ್ಚಿತು. ಅದಕ್ಕೂ ಮೊದಲು, 2024ರಲ್ಲಿ, ಕಾಂಪೌಂಡ್ ಮಾಡಿದ ವಯಲ್‌ನಿಂದ ಸಿರಿಂಜ್‌ಗೆ ತೆಗೆಯುವಾಗ ಯೂನಿಟ್, ಮಿಲಿಗ್ರಾಂ ಗೊಂದಲವಾಗಿ ಕೆಲವರು ಹಲವು ಪಟ್ಟು ಡೋಸ್ ಹಾಕಿಕೊಂಡು ಆಸ್ಪತ್ರೆ ಸೇರಿದ್ದರ ಬಗ್ಗೆ ಎಫ್‌ಡಿಎ ಎಚ್ಚರಿಕೆಯನ್ನೂ ಕೊಟ್ಟಿತ್ತು. ಹಾಗಾಗಿ ಇಲ್ಲಿ ನಾವು ಕೇಳುವ ಮೊದಲ ಪ್ರಶ್ನೆ, ಬರುವ ಡಬ್ಬಿಯ ಮೇಲೆ ತಯಾರಕರ ಹೆಸರು ಏನು ಎಂಬುದು. ಊರಿನಲ್ಲೂ ಅದನ್ನೇ ಕೇಳಿ. ಮಾರ್ಚ್ ನಂತರ ಹತ್ತಾರು ಹೆಸರು ಬಂದಾಗ ಇನ್ನೂ ಜಾಸ್ತಿ ಕೇಳಬೇಕಾಗುತ್ತದೆ.

ಅಂದಹಾಗೆ ಇಲ್ಲಿ ತೂಕಕ್ಕೆ ಕೊಡುವ ಟಿರ್ಜೆಪಟೈಡ್‌ಗೆ ಝೆಪ್‌ಬೌಂಡ್ ಎಂದು ಬೇರೆ ಹೆಸರು. ಯೂಟ್ಯೂಬ್‌ನಲ್ಲಿ ಅಮೆರಿಕದವರ ವಿಡಿಯೊ ನೋಡಿ ಮೆಡಿಕಲ್‌ನಲ್ಲಿ ಅದನ್ನೇ ಕೇಳಬೇಡಿ.


ಕೌಂಟರ್ ಆಚೆ

ಜೆರ್ಸಿ ಅಕ್ಕ ಹೇಳಿದ್ದು ಸರಿ. ನಮ್ಮಲ್ಲಿ ಇನ್ನೊಂದು ದಾರಿ ಉಂಟು, ಗಲ್ಫ್ ದಾರಿ. ದುಬೈಯಿಂದ ಬರುವ ಭಾವನ ಹತ್ತಿರ ಇಂಜೆಕ್ಷನ್ ಪೆನ್ ತರಿಸುದು. ಒಬ್ಬರು ಸೂಟ್‌ಕೇಸಿನಲ್ಲಿ ಬಟ್ಟೆಯ ಮಧ್ಯೆ ಇಟ್ಟು ತಂದ ಪೆನ್ ನನ್ನ ಕೌಂಟರ್ ಮೇಲೆ ಇಟ್ಟು "ಇದು ಹಾಕ್ಬಹುದಾ ನೋಡಿ" ಅಂದ್ರು. ನೋಡಿ ಹೇಳ್ಲಿಕ್ಕೆ ಆಗುವ ವಿಷಯ ಅಲ್ಲ ಅದು. ಬಿಸಿಲಲ್ಲಿ ಕೆಟ್ಟಿದ್ದರೂ, ಚಳಿಗೆ ಗಡ್ಡೆ ಕಟ್ಟಿ ಕರಗಿದ್ದರೂ ಹೊರಗಿನಿಂದ ನೀರಿನ ಹಾಗೇ ಕಾಣ್ಬಹುದು. ನಕಲಿ ಓಜೆಂಪಿಕ್ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯೇ 2024ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಿಮ್ಮ ಯಜಮಾನರು ದಮ್ಮಾಮ್‌ನಲ್ಲಿದ್ದಾರೆ ಅಂದ್ರಲ್ಲ, ಅದಕ್ಕೇ ಮೊದಲೇ ಹೇಳಿದೆ.

ಕೊರಿಯರ್‌ಗೆ ಉತ್ತರ ಬಾಕಿ ಉಂಟು. ತೆರೆಯದ ಪೆನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಟಿರ್ಜೆಪಟೈಡ್ ವಯಲ್ 30 ಡಿಗ್ರಿ ಮೀರದ ಕಡೆ ಹೊರಗೆ 21 ದಿನ ತಡೀತದೆ ಅಂತ ಕಂಪನಿ ಹೇಳ್ತದೆ. ಆದರೆ ಏಪ್ರಿಲ್‌ನಲ್ಲಿ ನಮ್ಮ ಯಾವ ಹಾಲ್‌ನಲ್ಲಿ 30 ಮೀರುದಿಲ್ಲ ಹೇಳಿ? ಜೆಲ್ ಪ್ಯಾಕ್ ಹಾಕಿದ ಥರ್ಮಾಕೋಲ್ ಪೆಟ್ಟಿಯಲ್ಲಿ, ನೀವು ಮನೆಯಲ್ಲಿರುವ ಹೊತ್ತಿಗೆ ಕೊಡ್ತಾರಾ ಕೇಳಿ. ಶನಿವಾರ ಹೊರಟ ಪಾರ್ಸೆಲ್ ಭಾನುವಾರ ಗೋಡೌನ್‌ನಲ್ಲಿ ಕೂತರೆ ಯಾರು ಜವಾಬ್ದಾರಿ? ಆ, ಇ ಎರಡರಲ್ಲೂ ಚೀಟಿ ನಿಮ್ಮ ಕೈಗೆ ಬರ್ತದೆ, ಹತ್ತಿರದ ಮೆಡಿಕಲ್ ಫ್ರಿಜ್‌ನಿಂದ ತೆಗೆಸಿ, ಬಿಲ್ ಹಾಕಿಸಿ, ಬ್ಯಾಚ್ ನಂಬರ್ ನೋಡಿ ತರಬಹುದು. ನಾನು ಅಂಗಡಿಯವಳು, ಹಾಗಾಗಿ ಇದರಲ್ಲಿ ನನ್ನ ಸ್ವಾರ್ಥ ಉಂಟು ಅಂತ ಬೇಕಾದ್ರೆ ಅಂದ್ಕೊಳ್ಳಿ.


ಲೆಡ್ಜರ್ ಸುರತ್ಕಲ್

ಎಲ್ಲರಿಗೂ ದೊಡ್ಡ ಉಪಕಾರ ಆಯ್ತು. ಹೊಸ ಶೀಟ್ ಮಾಡಿದೆ, ಮೂರು ಕಾಲಂ: ಮದ್ದು, ಡಾಕ್ಟರ್, ಉಳಿದದ್ದು. ಅ ಪ್ಯಾಕೇಜಿನವರಿಗೆ ಎಂಟನೇ ತಿಂಗಳ ಪ್ರಶ್ನೆ ಇಮೇಲ್ ಮಾಡಿದೆ. ಉತ್ತರ ಬಂತು, "ನಮ್ಮ ತಜ್ಞರ ತಂಡ ನಿಮ್ಮ ಪ್ರಯಾಣಕ್ಕೆ ಸೂಕ್ತವಾದದ್ದನ್ನು ಆಯ್ಕೆ ಮಾಡುತ್ತದೆ" ಅಂತ. ಡೋಸ್ ಇಲ್ಲ, ಬ್ರ್ಯಾಂಡ್ ಇಲ್ಲ, ಕೆಳಗೆ ಇಎಂಐ ಲಿಂಕ್ ಮಾತ್ರ ಇನ್ನೊಮ್ಮೆ. ಅದನ್ನು ಹೊಡೆದು ಹಾಕಿದೆ.

ಆ ದವರು ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಕೊಟ್ಟರು, ರಿಜಿಸ್ಟರ್‌ನಲ್ಲಿ ಸಿಕ್ಕಿತು. ಆದರೆ ಮೂರು ತಿಂಗಳ ಒಂಬತ್ತು ಸಾವಿರದಲ್ಲಿ ಡಾಕ್ಟರ್ ಮಾತಾಡುದು ಎರಡೇ ಸಲವಂತೆ, ಉಳಿದದ್ದೆಲ್ಲ ಚಾಟ್. ಇ ದ ರೇಟಿನಲ್ಲಿ ಎರಡು ಸಲಕ್ಕೆ 1,800. ಅಂದರೆ 7,200 ರೂಪಾಯಿ ಡಯಟ್ ಚಾಟ್‌ಗೆ. ಎಂಡ್ ಪಾಯಿಂಟ್ ಅಣ್ಣನಿಗೆ ಸಿಕ್ಕಿದ ಹಾಗೆ ಬಂಗುಡೆ ಗೊತ್ತಿರುವವರು ಸಿಗ್ತಾರೆ ಅಂತ ಗ್ಯಾರಂಟಿ ಇದ್ದಿದ್ದರೆ ಯೋಚನೆ ಮಾಡ್ತಿದ್ದೆ.

ಹಾಗಾಗಿ ಈ ತಿಂಗಳು ಒಂದು ಶನಿವಾರ ಇಲ್ಲೇ ಒಬ್ಬರು ಎಂಡೋಕ್ರೈನಾಲಜಿಸ್ಟ್ ಹತ್ತಿರ ಹೋಗ್ತೇನೆ, ರಕ್ತ ಪರೀಕ್ಷೆ ಮೊದಲೇ ಮಾಡಿಸಿ. ಫಾಲೋಅಪ್ ವಿಡಿಯೊ ಕೊಡ್ತಾರಾ ಅಂತ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಕೇಳಿದೆ, ಕೊಡ್ತಾರಂತೆ. ಕೊಡದೆ ಇದ್ದಿದ್ದರೆ ಇ ಕ್ಲಿನಿಕನ್ನೇ ಆರಿಸ್ತಿದ್ದೆ.

ಕೌಂಟರ್ ಆಚೆ ಅವರೇ, ಇನ್ನು ಮೂರು ಸಣ್ಣ ಪ್ರಶ್ನೆ. ಮುಟ್ಟಿನ ತೊಂದರೆಗೆ ನಾನು ಹಾರ್ಮೋನ್ ಮಾತ್ರೆ ತಗೊಳ್ತೇನೆ, ಗರ್ಭನಿರೋಧಕದ್ದೇ ಮಾತ್ರೆ. ತೊಂದರೆ ಉಂಟಾ? ಒಮ್ಮೆ ಶುರು ಮಾಡಿದರೆ ಯಾವಾಗ ನಿಲ್ಲಿಸುದು? ಮತ್ತೆ ವಾರದಲ್ಲಿ ಯಾವ ದಿನ ಹಾಕುದು ಒಳ್ಳೆಯದು?


ಕೌಂಟರ್ ಆಚೆ

ಮಾತ್ರೆ ವಿಷಯ ಸಣ್ಣದಲ್ಲ ಅಕ್ಕ, ಡಾಕ್ಟರಿಗೆ ಮೊದಲು ಅದನ್ನೇ ಹೇಳಿ. ಟಿರ್ಜೆಪಟೈಡ್ ಹೊಟ್ಟೆ ಖಾಲಿ ಆಗುವುದನ್ನು ನಿಧಾನ ಮಾಡಿ ಬಾಯಿಯಿಂದ ತಗೊಳ್ಳುವ ಗರ್ಭನಿರೋಧಕದ ಕೆಲಸ ಕಡಿಮೆ ಮಾಡ್ಬಹುದು. ಶುರು ಮಾಡಿದ ಮೇಲೆ ನಾಲ್ಕು ವಾರ, ಡೋಸ್ ಏರಿಸಿದಾಗಲೆಲ್ಲ ಮತ್ತೆ ನಾಲ್ಕು ವಾರ, ಬೇರೆ ಉಪಾಯ ಬೇಕು ಅಂತ ಅದರ ಲೇಬಲ್‌ನಲ್ಲೇ ಉಂಟು. ಸೆಮಾಗ್ಲುಟೈಡ್ ಇಂಜೆಕ್ಷನ್‌ಗೆ ಆ ಸೂಚನೆ ಇಲ್ಲ. ಎರಡರಲ್ಲಿ ಯಾವುದು ಅಂತ ಆರಿಸುವಾಗ ಇದೂ ಲೆಕ್ಕಕ್ಕೆ ಬರ್ತದೆ. ತೂಕ ಇಳಿದ ಹಾಗೆ ಥೈರಾಯ್ಡ್ ಮಾತ್ರೆಯ ಡೋಸ್ ಕೂಡ ಬದಲಾಗ್ಬಹುದು, ಟಿಎಸ್‌ಎಚ್ ನೋಡ್ತಾ ಇರಿ.

ನಿಲ್ಲಿಸುವ ಪ್ರಶ್ನೆಗೆ ಚಂದದ ಉತ್ತರ ಇಲ್ಲ. 2021ರಲ್ಲಿ ಬಂದ ಸ್ಟೆಪ್ 1 ಅಧ್ಯಯನದಲ್ಲಿ ಸೆಮಾಗ್ಲುಟೈಡ್ 2.4 ಹಾಕಿದವರ ತೂಕ 68 ವಾರಕ್ಕೆ ಸರಾಸರಿ ಶೇಕಡಾ 15ರ ಹತ್ತಿರ ಇಳಿಯಿತು. ಮದ್ದು ನಿಲ್ಲಿಸಿ ವರ್ಷ ಆದ ಮೇಲೆ ನೋಡಿದರೆ ಇಳಿದದ್ದರಲ್ಲಿ ಮೂರನೇ ಎರಡು ಪಾಲು ವಾಪಸ್. ಟಿರ್ಜೆಪಟೈಡ್ ಇನ್ನೂ ಜಾಸ್ತಿ ಇಳಿಸ್ತದೆ, ದೊಡ್ಡ ಡೋಸಿನಲ್ಲಿ 72 ವಾರಕ್ಕೆ ಶೇಕಡಾ 20ರ ಆಸುಪಾಸು, ಆದರೆ ಅದನ್ನು ನಿಲ್ಲಿಸಿದರೂ ಕತೆ ಅದೇ. ಬಿಪಿ ಮಾತ್ರೆಯನ್ನು ಮೂರು ತಿಂಗಳ ಕೋರ್ಸ್ ಅಂತ ಯಾರೂ ಮಾರುದಿಲ್ಲ, ಇದನ್ನು ಮಾರ್ತಾರೆ. ಹಾಗಾಗಿ ನಿಮ್ಮ ಶೀಟಿನಲ್ಲಿ ಮದ್ದಿನ ಕಾಲಂ ಅನ್ನು ಒಂದು ವರ್ಷಕ್ಕೆ ನಿಲ್ಲಿಸಬೇಡಿ, ಎರಡನೇ ವರ್ಷಕ್ಕೂ ಎಳೆದು ನೋಡಿ. ಆ ದುಡ್ಡು ಮನೆಯಿಂದ ಹೊರಡುದು ಕಷ್ಟ ಅನ್ನಿಸಿದರೆ ಶುರು ಮಾಡುವ ಮೊದಲೇ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ. ಮಾರ್ಚ್ ತನಕ ಕಾಯುವ ಅಂತ ಅವರೇ ಹೇಳ್ಲೂಬಹುದು. ಎಚ್‌ಬಿಎ1ಸಿ 6.2ಕ್ಕೆ ಎರಡು ತಿಂಗಳಲ್ಲಿ ಆಕಾಶ ಬೀಳುದಿಲ್ಲ.

ದಿನ ಯಾವುದಾದರೂ ಆಗ್ತದೆ, ಊಟಕ್ಕೂ ಅದಕ್ಕೂ ಸಂಬಂಧ ಇಲ್ಲ, ಪ್ರತಿ ವಾರ ಅದೇ ದಿನ ಆದರೆ ಸಾಕು. ಆಫೀಸಿಗೆ ಹೋಗುವ ನನ್ನ ಗಿರಾಕಿಗಳು ಹೆಚ್ಚಿನವರು ಶುಕ್ರವಾರ ರಾತ್ರಿ ಹಾಕ್ತಾರೆ, ವಾಕರಿಕೆ ಬಂದರೆ ಶನಿವಾರ ಭಾನುವಾರದಲ್ಲಿ ಹೋಗಲಿ ಅಂತ. ನಿಮಗೆ ಶನಿವಾರವೂ ಆಫೀಸ್ ಇದ್ದರೆ ಶನಿವಾರ ರಾತ್ರಿ. ಮರೆತುಹೋದರೆ, ವೆಗೋವಿ ಆದರೆ ಮುಂದಿನ ಡೋಸಿಗೆ ಎರಡು ದಿನಕ್ಕಿಂತ ಜಾಸ್ತಿ ಉಂಟಾದರೆ ಹಾಕ್ಬಹುದು, ಮೌಂಜಾರೊ ಆದರೆ ತಪ್ಪಿದ ನಾಲ್ಕು ದಿನದ ಒಳಗೆ. ಅದು ಕಳೆದರೆ ಆ ವಾರ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಹಾಕ್ಲಿಕ್ಕಿಲ್ಲ.


ಕದ್ರಿ ಗುಡ್ಡೆ

ಸೋಮವಾರ ಬೆಳಿಗ್ಗೆ ಅತ್ತಿಗೆಗೆ ಈ ಪೋಸ್ಟ್ ಕಳಿಸ್ತೇನೆ. ಅವಳು ಅ ದವರಿಗೆ ಅಡ್ವಾನ್ಸ್ ಕಟ್ಟುವವಳಿದ್ದಾಳೆ.


ಲೆಡ್ಜರ್ ಸುರತ್ಕಲ್

ಸೋಮವಾರ ಯಾಕೆ ಅಣ್ಣ, ಈಗಲೇ ಕಳಿಸಿ.